ಉಣ್ಣದೆ ಜಗಲಿಯಲ್ಲಿ ಕೂತ ಅಯ್ಯನವರು

ಓದುವ ಎಲ್ಲರಿಗೂ ನಮಸ್ಕಾರ. ನಾನು ಬಾಳೆಹೊನ್ನೂರಿನಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುವವನು. ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ದೀರ್ಘ, ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ, ಬೈಯಬೇಡಿ.

ಮೊನ್ನೆ ಅಂಗಡಿಯಿಂದ ಒಳಗೆ ಬಂದಾಗ ನನ್ನ ಹೆಂಡತಿ ಒದ್ದೆ ಬಟ್ಟೆಯ ಗಂಟು ಬಿಚ್ಚುತ್ತಿದ್ದಳು. ಮೊಳಕೆ ಬಂದ ಹೆಸರುಕಾಳು. ಬಟ್ಟೆ ಬಿಚ್ಚಿದ ಕೂಡಲೇ ಒಂದು ವಾಸನೆ ಬರುತ್ತದಲ್ಲ, ಸ್ವಲ್ಪ ಹುಳಿ, ಸ್ವಲ್ಪ ಮಣ್ಣು... ಆ ವಾಸನೆಗೆ ಅಯ್ಯನವರು ನೆನಪಾದರು. ಅಂಗಡಿಗೆ ಗಿರಾಕಿ ಬಂದಿದ್ದಾರೆಂದು ಸುಳ್ಳು ಹೇಳಿ ವಾಪಸು ಹೋಗಿ ಕೂತೆ.

ಅಯ್ಯನವರು ನಮ್ಮ ಮನೆಗೆ ಸೋಮವಾರಕ್ಕೊಮ್ಮೆ ಊಟಕ್ಕೆ ಬರುತ್ತಿದ್ದ ಜಂಗಮರು. ಎನ್.ಆರ್. ಪುರದ ಕಡೆಯಿಂದ ಬರುವ ಬಸ್ಸಿಳಿದು, ಕೈಯಲ್ಲಿ ಕೊಡೆ ಹಿಡಿದು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತಾ ಬರುತ್ತಿದ್ದರು. ನಾವು ಲಿಂಗಾಯತರು, ನಮ್ಮಲ್ಲಿ ಜಂಗಮರ ಕಾಲು ತೊಳೆದು, ಅವರ ಪೂಜೆಯಾಗಿ, ಅವರು ತುತ್ತು ಎತ್ತಿದ ಮೇಲೆಯೇ ಉಳಿದವರ ಊಟ. ಅವರ ಜೊತೆ ಸಾಲಿಗೆ ಅಪ್ಪ, ನಾನು, ನನ್ನ ತಮ್ಮ. ಅಮ್ಮ ಮತ್ತು ನನ್ನ ಹೆಂಡತಿ ಬಡಿಸುವವರು. ಅದರಲ್ಲಿ ತಪ್ಪೇನಾದರೂ ಇದೆ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ.

ಆಗ ಹೆಂಡತಿ ಚೊಚ್ಚಲ ಬಸುರಿ. ಐದು ತುಂಬಿದಾಗ ಕೊಪ್ಪದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ರಕ್ತ ನೋಡಿದ ನರ್ಸಮ್ಮ ನನ್ನನ್ನು ಒಳಗೆ ಕರೆದರು.

"ರಕ್ತ ತೀರಾ ಕಮ್ಮಿ ಇದೆ. ಹಿಂಗೇ ಆದ್ರೆ ಹೆರಿಗೆ ಹೊತ್ತಿಗೆ ತಾಯಿ ಜೀವಕ್ಕೇ ಕಷ್ಟ. ಎಂತ ಊಟ ಕೊಡ್ತೀರಿ ಮನೇಲಿ?"

"ನಮ್ಮನೇಲಿ ಎಲ್ಲ ಇರುತ್ತೆ ಮೇಡಂ. ಸೊಪ್ಪು, ಕಾಳು, ಹಾಲು, ಮೊಸರು. ಮೊಟ್ಟೆ ಗಿಟ್ಟೆ ಮಾತ್ರ ನಾವು ಮುಟ್ಟಲ್ಲ."

"ಮುಟ್ಟದಿದ್ರೆ ಬೇಡ. ಸೊಪ್ಪು ಕಾಳಲ್ಲೂ ಆಗುತ್ತೆ, ಹೊಟ್ಟೆ ತುಂಬ ತಿನ್ಬೇಕು ಅಷ್ಟೆ. ಮೊಳಕೆ ಕಾಳು, ನುಗ್ಗೆ ಸೊಪ್ಪು, ಕಡಲೆಬೀಜ ಕೊಡಿ. ಮೇಲೊಂಚೂರು ನಿಂಬೆಹಣ್ಣು ಹಿಂಡಿ. ಊಟ ಆದ ಕೂಡ್ಲೆ ಕಾಫಿ ಕುಡಿಸ್ಬೇಡಿ. ಮಾತ್ರೆ ತಪ್ಪಿಸ್ಬೇಡಿ."

ನಾನು ಎಲ್ಲದಕ್ಕೂ ತಲೆ ಆಡಿಸಿದೆ. ಹೆಂಡತಿ ನೆಲ ನೋಡುತ್ತಿದ್ದಳು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಳು. ಸುಸ್ತು ಅಂದುಕೊಂಡೆ.

ಮನೆಗೆ ಬಂದವನೇ ಅಮ್ಮನಿಗೆ ಅಪ್ಪಣೆ ಮಾಡಿದೆ. ಅಮ್ಮನಿಗೆ ಇಷ್ಟವಿರಲಿಲ್ಲ. "ಕಾಳು ವಾಯು, ಸೊಪ್ಪು ಶೀತ. ಬಸುರಿ ಜಾಸ್ತಿ ಉಂಡ್ರೆ ಕೂಸು ದೊಡ್ಡದಾಗಿ ಹೆರಕ್ಕೆ ಕಷ್ಟ. ನಾನು ಸಾರನ್ನ ಉಂಡೇ ಹೆತ್ತಿಲ್ವಾ ನಿಮ್ಮನ್ನ?" ಎಂದರು. ಆದರೂ ಮಾಡಿದರು. ದಿನಾ ಮೊಳಕೆ ಕಾಳಿನ ಪಲ್ಯ, ನುಗ್ಗೆ ಸೊಪ್ಪಿನ ಪಲ್ಯ, ಉಸಲಿ. ಅಮ್ಮನ ಕೈರುಚಿ ಗೊತ್ತಲ್ಲ, ನಾವು ಮೂರೂ ಜನ ಹಾಕಿಸಿಕೊಂಡು ಹಾಕಿಸಿಕೊಂಡು ಉಂಡೆವು. ತಮ್ಮನ ಕೆನ್ನೆ ತುಂಬಿಕೊಂಡಿತು. ಅಂಗಡಿಗೆ ಬಂದವರು, "ಏನ್ ಮಾರಾಯ, ಬಸುರಿ ನಿನ್ನ ಹೆಂಡ್ತಿನೋ ನಿನ್ನ ತಮ್ಮನೋ?" ಎಂದು ತಮಾಷೆ ಮಾಡಿದರು. ನಾನೂ ನಕ್ಕೆ.

ಮುಂದಿನ ಸಲ ಕೊಪ್ಪಕ್ಕೆ ಹೋದಾಗ ಅವಳ ರಕ್ತ ಏರಿರಲಿಲ್ಲ. ನರ್ಸಮ್ಮ ನನ್ನ ಮುಖ ನೋಡಿದ ರೀತಿ... ಸರ್ಕಾರಿ ಮಾತ್ರೆಯೇ ಸರಿಯಿಲ್ಲ ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಆ ವಾರದ ಸೋಮವಾರ ಊಟ ಮುಗಿದಿತ್ತು. ನಾನು ಎಲೆಯಡಿಕೆ ತಟ್ಟೆ ಎಳೆದುಕೊಳ್ಳುತ್ತಿದ್ದೆ. ಅಯ್ಯನವರು ನನ್ನನ್ನು ಕರೆದರು. "ತಮ್ಮಾ, ಒಳಗೆ ಹೋಗಿ ಪಲ್ಯದ ಪಾತ್ರೆ ತಗಂಡ್ ಬಾ."

ಅವರಿಗೆ ಇನ್ನೂ ಬೇಕೇನೋ ಎಂದುಕೊಂಡು ಎದ್ದೆ. "ಅಯ್ಯನೋರಿಗೆ ಇವತ್ತು ಹಸಿವು ಜೋರು" ಎಂದು ಅಪ್ಪನಿಗೆ ಕಣ್ಣು ಹೊಡೆದೆ. ಪಾತ್ರೆ ತಂದು ಮುಂದೆ ಹಿಡಿದೆ.

"ನಂಗಲ್ಲ ಮಾರಾಯ. ನೀನೇ ನೋಡು ಒಳಗೆ."

ನೋಡಿದೆ. ತಳದಲ್ಲಿ ನಾಲ್ಕು ಕಾಳು, ಒಗ್ಗರಣೆಯ ಸಾಸಿವೆ ಮಾತ್ರ.

"ಇನ್ನು ಯಾರು ಉಣ್ಣೋದಿದೆ?"

"ಅಮ್ಮ... ಇವಳು."

"ಎಂತ ಹಾಕಿಕೊಂಡು ಉಣ್ತಾರೆ?"

ನಾನು ಪಾತ್ರೆಯನ್ನು ಇನ್ನೊಮ್ಮೆ ಬಗ್ಗಿಸಿ ನೋಡಿದೆ. ಮೋಟಾರ್ ಬಿಚ್ಚಿದರೆ ಯಾವ ತಂತಿ ಎಲ್ಲಿ ಸುಟ್ಟಿದೆ ಎಂದು ಕಣ್ಣಳತೆಯಲ್ಲಿ ಹೇಳುವವನು ನಾನು. ನನ್ನ ಹೆಂಡತಿ ದಿನಾ ಏನು ಉಣ್ಣುತ್ತಾಳೆ ಎಂದು ಗೊತ್ತಿರಲಿಲ್ಲ. ಬಾಗಿಲ ಹಿಂದೆ ಅವಳ ಬಳೆ ಸದ್ದಾಯಿತು.

ಅಪ್ಪನಿಗೆ ಸಿಟ್ಟು ಬಂತು. "ಹೆಂಗಸ್ರ ಉಣ್ಣೋ ತಟ್ಟೆ ನೋಡೋದು ಜಂಗಮರ ಕೆಲಸ ಅಲ್ಲ ಅಯ್ಯನೋರೆ."

"ಹೌದು ಗೌಡ್ರೆ, ನಿಮ್ಮ ಕೆಲಸ ಅದು. ನೀವು ಮಾಡ್ತಿಲ್ವಲ್ಲ. ಬರೋ ಸೋಮವಾರ ಆ ಮಗಳು ನನ್ನ ಎದುರು ಕೂತು ಉಣ್ಬೇಕು. ಅವಳು ತುತ್ತು ಎತ್ತಿದ ಮೇಲೇ ನಂದು."

"ಗಂಡಸ್ರ ಸಾಲಲ್ಲಿ ಸೊಸೆ ಕೂರೋ ಪದ್ಧತಿ ಈ ಮನೇಲಿಲ್ಲ."

ಅಯ್ಯನವರು ಕೊಡೆ ತೆಗೆದುಕೊಂಡು ಹೋದರು. ಇನ್ನು ಬರುವುದಿಲ್ಲ ಎಂದೇ ನಾವು ತಿಳಿದಿದ್ದೆವು. ಆದರೆ ಸೋಮವಾರ ಬಂದರು. ಕಾಲು ತೊಳೆಸಿಕೊಳ್ಳಲಿಲ್ಲ, ಒಳಗೂ ಬರಲಿಲ್ಲ. ರಸ್ತೆಗೆ ಕಾಣುವ ಹಾಗೆ ಜಗಲಿಯ ಮೇಲೆ ಕೂತುಬಿಟ್ಟರು.

ಬಾಗಿಲಿಗೆ ಬಂದ ಜಂಗಮ ಉಣ್ಣದೆ ಕೂರುವುದೆಂದರೆ ನಮ್ಮವರಿಗೆ ಮನೆಗೇ ಶಾಪ ತಟ್ಟಿದ ಹಾಗೆ, ಊರೆದುರು ಮರ್ಯಾದೆ ಹೋದ ಹಾಗೆ. ಪೇಟೆಗೆ ಹೋಗುವವರು ನಿಂತು ನೋಡಿದರು. "ಎಂತ ಅಯ್ಯನೋರೆ, ಇಲ್ಲೇ ಕೂತ್ರಿ? ಗೌಡ್ರ ಮನೇಲಿ ಒಲೆ ಹೊತ್ತಿಲ್ವಾ?" ಎಂದು ಒಬ್ಬ ಕೇಳಿದ.

"ಹೊತ್ತಿದೆ ಮಾರಾಯ. ಉಣ್ಣೋ ಸರದಿ ನಂದಿನ್ನೂ ಬಂದಿಲ್ಲ" ಎಂದು ಅಯ್ಯನವರು ನಗುತ್ತಲೇ ಹೇಳಿದರು.

ಅಪ್ಪ ಒಳಗೆ ಓಡಾಡುತ್ತಿದ್ದರು. ನಾನು ಅಂಗಡಿಯಲ್ಲಿ ಯಾವುದೋ ನಟ್ಟನ್ನು ಸುಮ್ಮನೆ ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತಿದ್ದೆ. ಎದ್ದು ಹೋಗಿ ಹೆಂಡತಿಯನ್ನು ಕರೆದು ಕೂರಿಸಬೇಕಾದವನು ನಾನೇ. ಎದ್ದದ್ದು ಅಮ್ಮ. ನಡುಮನೆಯಲ್ಲಿ ಎರಡು ಬಾಳೆ ಎಲೆ ಎದುರುಬದುರು ಹಾಸಿ, ಅಯ್ಯನವರನ್ನು ಒಳಗೆ ಕರೆದು ಕೂರಿಸಿ, "ಬಾ ಹುಡುಗಿ, ಕೂತ್ಕೋ. ಯಾರು ಎಂತ ಅಂತಾರೋ ಅನ್ಲಿ" ಎಂದರು.

ಅವಳು ಸೆರಗು ಎಳೆದುಕೊಂಡು ಕೂತಳು. ಅಯ್ಯನವರು ಅವಳ ಕಡೆ ನೋಡಲೇ ಇಲ್ಲ. ಗೋಡೆ ನೋಡುತ್ತಾ, ಶೃಂಗೇರಿ ಬಸ್ಸಲ್ಲಿ ಯಾರೋ ಹಲಸಿನ ಹಣ್ಣಿಗೂ ಟಿಕೆಟ್ ಕೊಡಿಸಿದ ಕತೆ ಹೇಳಿದರು. ಅವಳಿಗೆ ನಗು ಬಂತು. ನಗುತ್ತಲೇ ಒಂದು ತುತ್ತು ಉಂಡಳು, ಅಯ್ಯನವರೂ ತುತ್ತು ಎತ್ತಿದರು. ಆಮೇಲೆ ಕಾಳಿನ ಪಲ್ಯವನ್ನು ಎರಡನೇ ಸಲ ಹಾಕಿಸಿಕೊಂಡಳು... ಮೂರನೇ ಸಲವೂ. ಅವಳಿಗೆ ಅದು ಅಷ್ಟು ಇಷ್ಟ ಎಂದು ನನಗೆ ಗೊತ್ತಾದದ್ದೇ ಆವತ್ತು.

ನಾವು ಮೂರು ಗಂಡಸರು ಬಾಗಿಲ ಹತ್ತಿರ ನಿಂತು ಕಾದೆವು. ನಮ್ಮ ಸರದಿ ಬಂದಾಗ ಪಲ್ಯ ಮುಗಿದಿತ್ತು. ಅಪ್ಪ ತಿಳಿಸಾರು ಅನ್ನ ಕಲಸಿಕೊಂಡು ತಲೆ ಎತ್ತದೆ ಉಂಡರು.

ಆಮೇಲೆ ಅಮ್ಮ ದಿನಾ ಅವಳನ್ನೇ ಮೊದಲು ಕೂರಿಸಿದರು. ಅಮ್ಮ ಮಾತ್ರ ಕೊನೆಗೇ. ಕೊಪ್ಪದಲ್ಲಿ ರಕ್ತ ನಿಧಾನಕ್ಕೆ ಏರಿತು, ನರ್ಸಮ್ಮ ಬೈಯುವುದು ಬಿಟ್ಟರು. ಹೆರಿಗೆಯಾಗಿ ತಾಯಿ ಮಗಳು ಇಬ್ಬರೂ ಕ್ಷೇಮವಾಗಿ ಮನೆಗೆ ಬಂದರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನನ್ನು ಕೊರೆಯುವುದು ಇದರ ಮುಂದಿನದು. ಬಾಣಂತನ ಮುಗಿದ ಮೇಲೆ ಒಂದು ದಿನ ನೋಡುತ್ತೇನೆ, ನಾವು ಮೂವರೂ ಸಾಲಿಗೆ ಕೂತಿದ್ದೇವೆ, ಅವಳು ಬಡಿಸುತ್ತಿದ್ದಾಳೆ. ಯಾರೂ ಹೇಳಿದ್ದಲ್ಲ, ಯಾರೂ ಬೇಡ ಎಂದದ್ದೂ ಅಲ್ಲ. ಹೊಟ್ಟೆಯಲ್ಲಿದ್ದ ಮಗು ತೊಟ್ಟಿಲಿಗೆ ಬಂತು, ಅವಳ ಎಲೆ ಮತ್ತೆ ಕೊನೆಗೆ ಹೋಯಿತು. ನಾವು ಮರ್ಯಾದೆ ಕೊಟ್ಟದ್ದು ಯಾರಿಗೆ ಹಾಗಾದರೆ? ಅಷ್ಟು ಹೊತ್ತಿಗೆ ಅಯ್ಯನವರಿಗೆ ಮಂಡಿ ನೋವಾಗಿ ಬರುವುದು ನಿಂತಿತ್ತು. ನೋಡಿಕೊಂಡು ಬರಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಅವರು ಮೊದಲು ಕೇಳುವುದೇ ಅವಳ ಊಟದ ವಿಚಾರ ಎಂದು ಗೊತ್ತಿತ್ತು, ಅದಕ್ಕೇ ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ಅಂಗಡಿಗೆ ಬಂದ ಗಿರಾಕಿಯೊಬ್ಬ ಹೇಳಿದ. ಮಣ್ಣು ಮಾಡಿ ಆಗಲೇ ಎಷ್ಟೋ ದಿನವಾಗಿತ್ತು.

ಈಗ ಅಪ್ಪ ಅಮ್ಮ ಇಬ್ಬರೂ ಇಲ್ಲ. ತಮ್ಮ ಬೇರೆ ಮನೆ ಮಾಡಿದ್ದಾನೆ. ಮಗಳು ಹೈಸ್ಕೂಲು. ಈಗ ಯಾವ ಸಾಲೂ ಇಲ್ಲ, ಬೇಡ ಎನ್ನುವವರೂ ಇಲ್ಲ. ನಿನ್ನೆ ಹೆಂಡತಿಗೆ, "ಬಾ, ಒಟ್ಟಿಗೆ ಉಣ್ಣೋಣ" ಎಂದೆ. "ನೀವು ಉಣ್ಣಿ, ನಂಗೆ ಹಿಂಗೇ ರೂಢಿ" ಎಂದಳು. ಎರಡನೇ ಸಲ ಕರೆಯುವ ಮುಖ ನನಗಿರಲಿಲ್ಲ. ಮಗಳು ತನ್ನ ತಟ್ಟೆ ಹಿಡಿದು ಎದ್ದಳು. ಅಮ್ಮನ ಜೊತೆ ಆಮೇಲೆ ಉಣ್ಣುತ್ತೇನೆ ಎಂದು ಒಳಗೆ ಹೋದಳು.

ನಾನು ಒಬ್ಬನೇ ಉಂಡೆ.

ನಿಮ್ಮ ಮನೆಗಳಲ್ಲೂ ಇಂಥದ್ದು ನಡೆದಿರಬಹುದು. ಈ ರೂಢಿಯನ್ನು ಬಿಡಿಸಿದವರು ಯಾರಾದರೂ ಇದ್ದರೆ, ಹೇಗೆ ಬಿಡಿಸಿದಿರಿ ಎಂದು ದಯಮಾಡಿ ಬರೆಯಿರಿ. ನಿಧಾನಕ್ಕೆ ಓದುತ್ತೇನೆ, ಆದರೆ ಪೂರ್ತಿ ಓದುತ್ತೇನೆ.