ಅತ್ತೆಯ ಅಂಗುಳವೂ ಕರಿ ಬಿಯರೂ

ರುಚಿಯ ವಿಷಯದಲ್ಲಿ ನಾನು ದಡ್ಡ. ಬಿಯರ್ ಕುಡಿದರೆ ಬಿಯರಿನಂತಿದೆ ಎನ್ನಬಲ್ಲೆ, ಅದರಾಚೆಗೆ ನನ್ನ ನಾಲಿಗೆ ಹೋಗಿದ್ದಿಲ್ಲ. ಅಂಥವನಿಗೆ ಗೆಳೆಯನೊಬ್ಬ ಇಂಪೀರಿಯಲ್ ಸ್ಟೌಟ್ ಎಂಬ ಕರಿ ಬಿಯರಿನ ಬಾಟಲಿ ತಂದುಕೊಟ್ಟ. ಯಾವುದೋ ಸಣ್ಣ ಬ್ರೂವರಿಯವರು ಚಳಿಗಾಲಕ್ಕೆ ಮಾತ್ರ ಮಾಡುವುದಂತೆ. ಅದರಲ್ಲಿ ಕಾಫಿ, ಚಾಕೊಲೇಟ್, ಒಣದ್ರಾಕ್ಷಿ, ಹೊಗೆಸೊಪ್ಪು, ಹಳೆಯ ಚರ್ಮ ಇವೆಲ್ಲದರ ರುಚಿ ಇದೆಯೆಂದು ಬಾಟಲಿಯ ಮೇಲೇ ಬರೆದಿತ್ತು. ಹಳೆಯ ಚರ್ಮವನ್ನು ನೆಕ್ಕಿ ನೋಡಿದ ಪುಣ್ಯಾತ್ಮ ಯಾರೋ.

ನಾನು ಸಾಗರದಲ್ಲಿ ಹಲ್ಲಿನ ಡಾಕ್ಟರು. ಆ ದಿನಗಳಲ್ಲಿ ಮನೆಯಲ್ಲಿ ನನ್ನ ಮರ್ಯಾದೆ ಅಷ್ಟಕ್ಕಷ್ಟೆ. ಕೋಣಂದೂರಿನಿಂದ ಬಂದಿದ್ದ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಅಲುಗಾಡುತ್ತಿದ್ದ ಹಲ್ಲುಗಳನ್ನೆಲ್ಲ ಕಿತ್ತು ಹೊಸ ಸೆಟ್ ಮಾಡಿಕೊಟ್ಟಿದ್ದೆ. ನೋಡಲು ಮುತ್ತಿನ ಸಾಲು. ಆದರೆ ಕಡುಬು ಕೋಳಿಸಾರು ಎಂದರೆ ಎದ್ದು ಕೂರುತ್ತಿದ್ದ ಅತ್ತೆ ಗಂಜಿ ಕುಡಿದು ಮಲಗತೊಡಗಿದರು.

"ಏನ್ ತಿಂದ್ರೂ ಮಣ್ಣು ತಿಂದಂಗಾಗುತ್ತೆ" ಎಂದರು.

"ಅಭ್ಯಾಸ ಆಗುತ್ತೆ ಅತ್ತೆ" ಎಂದೆ. ಎಲ್ಲ ರೋಗಿಗಳಿಗೂ ಹೇಳುವುದು ಅದನ್ನೇ.

ಅತ್ತೆ ಸೊರಗಿದರು. ಹೆಂಡತಿ ಮಾತು ಬಿಟ್ಟಳು.

ಒಂದು ಭಾನುವಾರ ಅವಳು ಪಕ್ಕದ ಮನೆಯವರ ಜೊತೆ ಸಿಗಂದೂರು ದೇವಿಯ ಗುಡಿಗೆ ಹೋದಳು. ನಾನು ಬಾಟಲಿ ತೆರೆದೆ. ಅತ್ತೆ ಬಂದು ಎದುರಿಗೇ ಕೂತರು.

"ಅದೆಂತದು, ಡಾಂಬರಾ?"

"ಬಿಯರು ಅತ್ತೆ."

"ನಿಮ್ ಮಾವ ಕುಡೀತಿದ್ದದ್ದು ಹಳದಿ ಇರ್ತಿತ್ತು. ಒಂಚೂರು ಹಾಕಿ ನೋಡಣ."

ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಕುಡಿದು ಮುಖ ಕಿವುಚಿದರು. "ಇದೂ ಮಣ್ಣೇ." ಆಮೇಲೆ ಏನನ್ನಿಸಿತೋ, ಹಲ್ಲಿನ ಸೆಟ್ ತೆಗೆದು ತಟ್ಟೆಯಲ್ಲಿಟ್ಟು ಇನ್ನೊಂದು ಗುಟುಕು ಎಳೆದುಕೊಂಡರು. ಬಹಳ ಹೊತ್ತು ನುಂಗಲೇ ಇಲ್ಲ. ಕಣ್ಣು ಒದ್ದೆಯಾಯಿತು.

"ಬೆಲ್ಲ ತಳ ಹಿಡ್ದಂಗಿದೆ" ಎಂದರು ಬೊಚ್ಚುಬಾಯಲ್ಲಿ. "ಬಾಯಿಗೆ ರುಚಿ ಅಂತ ಒಂದು ಗೊತ್ತಾಗಿ ಎಷ್ಟು ದಿನ ಆಗಿತ್ತು."

ನಾನು ತಟ್ಟೆಯಲ್ಲಿದ್ದ ಸೆಟ್ ನೋಡಿದೆ. ಅದರ ದಪ್ಪ ತಳ ಅಂಗುಳವನ್ನೆಲ್ಲ ಮುಚ್ಚುತ್ತಿತ್ತು. ಅಂಗುಳ ಮುಚ್ಚಿದರೆ ರುಚಿ ಮಂಕಾಗುತ್ತದೆಂದು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆ ಬರೆದು ಮರೆತಿದ್ದೆ. ಇಷ್ಟು ವರ್ಷ ಸೆಟ್ ಹಾಕಿಸಿಕೊಂಡವರನ್ನು ನೋವಿದೆಯಾ, ಅಲುಗುತ್ತಾ ಎಂದು ಕೇಳಿದ್ದೆನೇ ಹೊರತು ಊಟ ರುಚಿಸುತ್ತಾ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಕೂಡಲೇ ಕ್ಲಿನಿಕ್ಕಿಗೆ ಹೋಗಿ ತಳವನ್ನು ಆದಷ್ಟೂ ತೆಳುವಾಗಿ ಉಜ್ಜಿ, ಹಿಂದಿನ ಅಂಚು ಕೊಂಚ ತೆಗೆದು ತಂದೆ. ಅಷ್ಟರಲ್ಲಿ ಬಾಟಲಿ ಖಾಲಿಯಾಗಿತ್ತು. ನಾನು ವಿಚಾರಿಸಲಿಲ್ಲ.

ಸಂಜೆ ಹೆಂಡತಿ ಬಂದಾಗ ಅತ್ತೆ ತಾವೇ ಮಸಾಲೆ ಹುರಿದು ಮಾಡಿದ ಕೋಳಿಸಾರಿನ ಮುಂದೆ ಕೂತಿದ್ದರು. ಅವಳು ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು.

"ಅಮ್ಮ ಊಟ ಮಾಡೋ ಹಂಗಾಗ್ಲಿ ಅಂತ ಹರಕೆ ಹೊತ್ಕೊಂಡ್ ಬಂದೆ. ನಿಮ್ ಕೈಲಿ ಆಗ್ದಿದ್ದನ್ನ ದೇವಿ ಮಾಡಿದ್ಲು ನೋಡಿ."

ಅತ್ತೆ ನನ್ನತ್ತ ತಿರುಗಲಿಲ್ಲ. "ಹೌದು ಮಗ, ದೇವಿ ದೊಡ್ಡೋಳು" ಎಂದು ಇನ್ನೊಂದು ಮೂಳೆ ಬಡಿಸಿಕೊಂಡರು.

ನಾನೂ ಭಕ್ತಿಯಿಂದ ಕೈ ಮುಗಿದೆ. ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವಾಗ, ಕೀರ್ತಿ ಯಾರ ಪಾಲಾಯಿತೆಂದು ತಕರಾರು ತೆಗೆಯುವಷ್ಟು ದಡ್ಡ ನಾನಲ್ಲ.