ಕಾಕಾ ಅವರ ಬೆರಳಿನ ನಾಲ್ಕು ಚುಕ್ಕೆ

ಅವರ ಬಲಗೈಯ ತೋರುಬೆರಳಿನ ಒಳಬದಿಯಲ್ಲಿ, ತುದಿಯಿಂದ ಬುಡದವರೆಗೆ, ನಾಲ್ಕು ಹಸಿರು ಹಚ್ಚೆಯ ಚುಕ್ಕೆಗಳಿದ್ದವು. ಒಂದರಿಂದ ಇನ್ನೊಂದಕ್ಕೆ ಒಂದು ಇಂಚು. ಒಮ್ಮೆ ನನ್ನ ಸ್ಟೀಲ್ ಸ್ಕೇಲ್ ಇಟ್ಟು ನೋಡಿದ್ದೆ. ಮೂರನೆಯ ಚುಕ್ಕೆ ಮಾತ್ರ ಕೂದಲೆಳೆಯಷ್ಟು ಆಚೆಗಿತ್ತು. "ಹಚ್ಚಿ ಹಾಕೂವಾಕಿಗೆ ಆಗ ಸೀನು ಬಂದಿತ್ತು," ಎಂದು ಅದಕ್ಕೂ ಒಂದು ಕಾರಣ ಕೊಟ್ಟರು. ಅಳತೆಯ ಟೇಪು ಯಾರೋ ಕೇಳಿಕೊಂಡು ಒಯ್ಯುತ್ತಾರೆ, ತಿರುಗಿ ಬರುವುದಿಲ್ಲ. ಬೆರಳನ್ನು ಯಾರೂ ಕೇಳುವುದಿಲ್ಲ ಎಂಬುದು ಅವರ ಲೆಕ್ಕ.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ನಮ್ಮ ಕಟ್ಟಡದಲ್ಲಿ ನಮ್ಮ ಕೆಳಗಿನ ಮನೆ ಅವರದು. ಕನ್ನಡದವರಿಗೂ ಮರಾಠಿಯವರಿಗೂ ಅವರು ಕಾಕಾ. ಬಿಜಾಪುರದ ಕಡೆಯಿಂದ ಹಮಾಲಿ ಕೆಲಸಕ್ಕೆಂದು ಬಂದವರು, ವೆಲ್ಡಿಂಗ್ ಕಲಿತು, ಎರಡು ರಸ್ತೆ ಆಚೆ ಸ್ವಂತ ಶೆಡ್ಡು ಹಾಕಿದ್ದರು. ಕಿಟಕಿಯ ಗ್ರಿಲ್ಲು, ಗೇಟು, ಕಾರ್ಖಾನೆಯ ತಳ್ಳುಗಾಡಿ, ಯಾರು ಏನು ಹೇಳಿದರೂ ಮಾಡಿಕೊಡುತ್ತಿದ್ದರು. ಬಹಳ ದಪ್ಪ ಮನುಷ್ಯ. ವೆಲ್ಡಿಂಗ್ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡೇ ಮನೆಗೆ ಬಂದು, ಅದನ್ನೇ ಮನೆ ತುಂಬ ಹುಡುಕುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಮಾಡಿದ್ದು ಏನೇ ಇರಲಿ, ತಾವು ಅದರ ಮೇಲೆ ಕೂತು ನೋಡದೆ ಗಿರಾಕಿಗೆ ಕೊಡುತ್ತಿರಲಿಲ್ಲ. ಕೂತ ಮೇಲೆ, ಕೆಲಸ ಸರಿಯಾಗಿದೆ ಎಂದು ಮನಸ್ಸಿಗೆ ಬಂದರೆ ಮಾತ್ರ ಅದರ ಮುಂದೆ ಒಂದು ತೆಂಗಿನಕಾಯಿ ಒಡೆಯುವುದು. ಒಮ್ಮೆ ಆಸ್ಪತ್ರೆಯೊಂದಕ್ಕೆ ಗಾಲಿಕುರ್ಚಿ ಮಾಡಿದಾಗ ಕೆಲಸದವರಿಂದ ತಳ್ಳಿಸಿಕೊಂಡು ಇಡೀ ಎಂಐಡಿಸಿ ಸುತ್ತಿ ಬಂದರು. ಸಂಜೆ ಕಟ್ಟಡದ ಅರ್ಧ ಜನ ಬಿಸ್ಕಿಟ್ ಪೊಟ್ಟಣ ಹಿಡಿದು ಆರೋಗ್ಯ ವಿಚಾರಿಸಲು ಬಂದಿದ್ದರು. "ಗೇಟ್ ಮಾಡಿದ್ರೂ ಜೋಲಿ ಹೊಡದ ಕೊಡ್ತಾರ ಇವರು. ಇನ್ನ ಚಿತಾಗಾರದ ಕೆಲಸಾ ಒಂದು ಹಿಡೀಬ್ಯಾಡ್ರಿ ಮತ್ತ," ಎಂದು ಅವರ ಹೆಂಡತಿ ಕಾಕು ಬಂದವರಿಗೆಲ್ಲ ಚಹಾ ಕೊಡುತ್ತ ನಕ್ಕರು. ಬಿಸ್ಕಿಟನ್ನು ಕಾಕಾ ಒಬ್ಬರೇ ತಿಂದು ಮುಗಿಸಿದರು.

ನಾನು ಆಗ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೆ. ರವಿವಾರ ಅವರ ಶೆಡ್ಡಿಗೆ ಹೋಗಿ ನಕ್ಷೆ ಬರೆದುಕೊಡುವುದು, ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು ನನ್ನ ಕೆಲಸ. ನನ್ನದು ಮಾತು ಕಡಿಮೆ. ಅದು ಅವರಿಗೆ ಬಗೆಹರಿಯದ ಸಂಗತಿ. "ಏನ್ ಪ್ರೊಫೆಸರ್‌ಬಾಯಿ, ನಿನ್ನ ಬಾಯಿಗೆ ನಾನೇನರ ವೆಲ್ಡಿಂಗ್ ಮಾಡೀನೇನು?" ಎನ್ನುತ್ತಿದ್ದರು. ನಾನು ನಕ್ಕು ಪೆನ್ಸಿಲ್ ಚೂಪು ಮಾಡುತ್ತಿದ್ದೆ.

ಆ ವರ್ಷ ಏಪ್ರಿಲ್‌ನಲ್ಲಿ ಕಲ್ಯಾಣದ ಆಚೆಯ ಒಂದು ನೀರಿನ ಪಾರ್ಕಿನಿಂದ ಕೆಲಸ ಬಂತು. ಅಲ್ಲೊಂದು ದೋಣಿಯಾಟವಿತ್ತು. ಸರಪಳಿ ದೋಣಿಯನ್ನು ಎತ್ತರಕ್ಕೆ ಎಳೆದೊಯ್ದು, ಅಲ್ಲಿಂದ ಜಾರುಗಾಲುವೆಯಲ್ಲಿ ಬಿಡುತ್ತಿತ್ತು. ದೋಣಿ ಕೆಳಗಿನ ಕೊಳಕ್ಕೆ ಧಪ್ಪನೆ ಬಿದ್ದು ಎಲ್ಲರನ್ನೂ ತೋಯಿಸುತ್ತಿತ್ತು. ಮಕ್ಕಳು ಅದನ್ನು ಧಪ್ಪಾ ಎಂದೇ ಕರೆಯುತ್ತಿದ್ದರು. ರಜೆಯಲ್ಲಿ ಅದರ ಸಾಲು ಗೇಟಿನವರೆಗೆ ಬರುತ್ತಿತ್ತು. ಹಿಡಿದುಕೊಳ್ಳಲು ಮುಂದೊಂದು ಹಿಡಿ ಬಿಟ್ಟರೆ ಬೇರೇನೂ ಇರಲಿಲ್ಲ. ಮದುವೆ ಮನೆಯ ಗುಂಪೊಂದು ಬಂದಾಗ, ಮದುಮಗನ ಸೋದರಮಾವ ಇಳಿಜಾರಿನಲ್ಲೇ ಎದ್ದುನಿಂತು ಫೋಟೋದವನಿಗೆ ಕೈಬೀಸಲು ಹೋಗಿ, ಹಾರಿ ಹಿಂದಿನ ಸಾಲಿನ ಬೀಗಿತ್ತಿಯ ತೊಡೆಯ ಮೇಲೆ ಬಿದ್ದರಂತೆ. ಪೆಟ್ಟು ಮರ್ಯಾದೆಗಷ್ಟೇ ಆಯಿತು. ಆದರೆ ಪಾರ್ಕಿನ ಮ್ಯಾನೇಜರ್ ಮರುದಿನವೇ ಧಪ್ಪಾ ನಿಲ್ಲಿಸಿ, ಕಾಕಾ ಅವರನ್ನು ಕರೆಸಿದರು. ಮೇ ರಜೆ ಶುರುವಾಗುವುದರೊಳಗೆ ಪ್ರತಿ ಸಾಲಿಗೂ ತೊಡೆಯ ಮೇಲೆ ಬಂದು ಕೂರುವ ಕಂಬಿ ಬೇಕು.

ಒಂದು ಸಾಲಿಗೆ ಇಬ್ಬರು. ಇಬ್ಬರಿಗೂ ಸೇರಿ ಒಂದು ಕಂಬಿ. ಕಟಕಟ ಎಂದು ಹಲ್ಲು ಹಲ್ಲಾಗಿ ಕೆಳಗಿಳಿದು, ಮೈಗೆ ತಾಗಿದಲ್ಲಿ ಬಿಗಿಯಾಗಿ ನಿಲ್ಲಬೇಕು. ನಕ್ಷೆ ನನ್ನದು. ಎರಡು ವಾರದಲ್ಲಿ ಕಂಬಿಗಳು ತಯಾರಾದವು. ಮೊದಲು ಮರಳು ಚೀಲ ಕೂರಿಸಿ ನೋಡಿದೆವು; ಒಂದೂ ಅಲುಗಲಿಲ್ಲ. ಎಲ್ಲ ಚೀಲಗಳೂ ಒಂದೇ ದಪ್ಪ ಎಂಬುದು ನಮ್ಮಿಬ್ಬರ ಗಮನಕ್ಕೂ ಬರಲಿಲ್ಲ.

ಆಮೇಲೆ ಕಾಕಾ ಕೂತರು. ಕೂತು, ಪಕ್ಕದ ಜಾಗವನ್ನು ತಟ್ಟಿದರು. "ಬಾ ಪ್ರೊಫೆಸರ್‌ಬಾಯಿ. ನಕ್ಷಾ ಬರದಾಕಿ ದಂಡಿ ಮ್ಯಾಲ ನಿಂತ್ರ ಹೆಂಗ?"

ಮ್ಯಾನೇಜರ್, ಪಾರ್ಕಿನ ಕೆಲಸದವರು, ತಿಂಡಿ ಅಂಗಡಿಯವರು, ಸುಮಾರು ಇಪ್ಪತ್ತು ಜನ ನೋಡುತ್ತ ನಿಂತಿದ್ದರು. ನಾನು ಓಢಣಿ ಸರಿಮಾಡಿಕೊಂಡು ಕೂತೆ. ಕಂಬಿ ಕಟಕಟನೆ ಇಳಿಯಿತು. ಕಾಕಾ ಅವರ ಹೊಟ್ಟೆಗೆ ಬಂದು ನಿಂತಿತು. ನನ್ನ ತೊಡೆಗೂ ಕಂಬಿಗೂ ನಡುವೆ ಊಟದ ಡಬ್ಬಿ ಇಡುವಷ್ಟು ಜಾಗ ಉಳಿಯಿತು.

"ಕಂಬಿ ತೊಡಿಗೆ ಹತ್ತೇತೇನು?" ಕಾಕಾ ಕೇಳಿದರು. ತಮ್ಮ ಹೊಟ್ಟೆಯಾಚೆ ನನ್ನ ತೊಡೆ ಅವರಿಗೆ ಕಾಣುವಂತಿರಲಿಲ್ಲ.

ಇಲ್ಲ ಎಂದರೆ ಇಪ್ಪತ್ತು ಜನರೂ ಅವರ ಹೊಟ್ಟೆಯನ್ನೂ ನನ್ನ ತೊಡೆಯನ್ನೂ ನೋಡುತ್ತಾರೆ. ಮೇಲಾಗಿ ನಕ್ಷೆ ನನ್ನದು. ನಾನು ಓಢಣಿಯನ್ನು ಉಂಡೆ ಮಾಡಿ ಕಂಬಿಯ ಕೆಳಗಿನ ಜಾಗಕ್ಕೆ ತುರುಕಿದೆ.

"ಹ್ಞೂಂ," ಎಂದೆ.

ದೋಣಿ ಮೇಲೇರಿತು. ತುದಿಯಲ್ಲಿ ಒಂದು ಕ್ಷಣ ನಿಂತಾಗ ದೂರದಲ್ಲಿ ರೈಲು ಹಳಿ ಹೊಳೆಯುತ್ತಿತ್ತು. ಆಮೇಲೆ ಬಿಟ್ಟಿತು. ನಾನು ಆಸನದಿಂದ ಮೇಲೆದ್ದೆ, ಕಂಬಿಗೆ ತಾಗಿದೆ, ತಿರುಗಿ ಕೂತೆ. ಅಷ್ಟರಲ್ಲಿ ನೀರು ಗೋಡೆಯ ಹಾಗೆ ಎದ್ದು ನಮ್ಮ ಮೇಲೆ ಬಿತ್ತು. ಕಾಕಾ "ಯಪ್ಪಾ!" ಎಂದು ಕೂಗಿದ ಕೂಗಿಗೆ ನನಗೆ ನಗು ತಡೆಯಲಾಗಲಿಲ್ಲ. ಜನರ ಮುಂದೆ ನಾನು ಅಷ್ಟು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು. ಎಲ್ಲರೂ ಚಪ್ಪಾಳೆ ಹೊಡೆದರು. "ಮಸ್ತ್ ಕಾಕಾ! ಶನಿವಾರೀ ಚಾಲೂ ಕರೂಯಾ," ಎಂದರು ಮ್ಯಾನೇಜರ್. ಶುರು ಮಾಡೋಣ ಎಂದ ಶನಿವಾರಕ್ಕೆ ಐದು ದಿನವಿತ್ತು. ಕಾಕಾ ತೊಯ್ದ ಬಟ್ಟೆಯಲ್ಲೇ ಕಾಯಿ ಒಡೆದು ಎಲ್ಲರಿಗೂ ಹಂಚಿದರು.

ಉಳಿದ ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಸಂಜೆ ಕಲ್ಯಾಣದ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಲೋಕಲ್‌ಗೆ ಕಾಯುತ್ತಿದ್ದೆವು. ಕಾಕಾ ಖುಷಿಯಲ್ಲಿದ್ದರು. ಧಪ್ಪಾ ಮೇಲೆ ಕಾಕು ಅವರನ್ನು ಹೇಗೆ ಹತ್ತಿಸುವುದು, ಅವರು ಹೇಗೆ ಚೀರುತ್ತಾರೆ ಎಂದು ನಟಿಸಿ ತೋರಿಸುತ್ತ ನನ್ನ ಕೈಗೊಂದು ಚೂರು ಕೊಟ್ಟರು. ಬಾಯಿಗೆ ಹಾಕಿಕೊಂಡೆ. ಅಗಿದೆ. ನುಂಗುವ ಮೊದಲೇ ಹೇಳಿಬಿಟ್ಟೆ.

"ಕಾಕಾ, ಕಂಬಿ ನನಗ ಹತ್ತಿರಲಿಲ್ಲ."

ಅವರ ನಟನೆ ನಿಂತಿತು. ನಮ್ಮ ಲೋಕಲ್ ಬಂತು, ಹೋಯಿತು. ನಾವು ಏಳಲಿಲ್ಲ.

"ಅಲ್ಲೇ ಯಾಕ ಹೇಳಲಿಲ್ಲ?"

"ಎಲ್ಲಾರೂ ನೋಡ್ಲಿಕತ್ತಿದ್ರು."

"ನಾಳೆ ನಿನ್ನ ಜಾಗಾದಾಗ ಎಂಟು ವರ್ಷದ ಕೂಸು ಕುಂದರ್ತೈತಿ. ಬಾಜೂಕ ಅವರಪ್ಪ, ನನ್ನಂಥಾ ಹೊಟ್ಟಿಯಾಂವ. ಆ ಕೂಸೂ ನಿನ್ನಂಗ ನಾಚಿ ಸುಮ್ಮನಿದ್ರ?" ಎಂದವರು ತೋರುಬೆರಳನ್ನು ನನ್ನ ಮುಂದೆ ಚಾಚಿದರು. "ಎಷ್ಟ ಜಾಗಾ ಇತ್ತು? ತೋರ್ಸು."

ನಾನು ತುದಿಯಿಂದ ಎಣಿಸಿ, ಬುಡದಲ್ಲಿದ್ದ ನಾಲ್ಕನೆಯ ಚುಕ್ಕೆಯನ್ನು ಮುಟ್ಟಿದೆ. ಮೂರು ಇಂಚು.

ಕಾಕಾ ಬೆರಳನ್ನು ನೋಡಿದರು, ತಮ್ಮ ಹೊಟ್ಟೆಯನ್ನು ನೋಡಿದರು. ಇದ್ದಕ್ಕಿದ್ದಂತೆ ಹೊಟ್ಟೆಯನ್ನು ಫಟ್ಟನೆ ಹೊಡೆದುಕೊಂಡು ನಗತೊಡಗಿದರು. ಆಚೆ ಬೆಂಚಿನವರು ತಿರುಗಿ ನೋಡಿದರು. "ತಪ್ಪು ಇದರದವ್ವಾ! ಇಬ್ಬರ ಊಟಾ ಒಬ್ಬಂವ ಉಂಡ್ರ ಒಂದ ಕಂಬಿ ಇಬ್ಬರಿಗೆ ಹೆಂಗ ಸಾಲತೈತಿ? ನಾಳೆ ಹತ್ತು ಗಂಟೇಕ ಮ್ಯಾನೇಜರಗ ನಾನ ಫೋನ್ ಮಾಡಿ ಹೇಳ್ತೀನಿ, ನನ್ನ ಹೊಟ್ಟಿ ಅಳತಿ ತಪ್ಪೈತಿ ಅಂತ. ನಿನ್ನ ಹೆಸರು ಎತ್ತಂಗಿಲ್ಲ." ಆಮೇಲೆ ಕರವಸ್ತ್ರದ ಗಂಟು ಬಿಗಿದರು. "ಇನ್ನ ತಿನ್ನೂದು ಬ್ಯಾಡ. ಕೆಲಸಾ ಮುಗದಿಲ್ಲ." ಆ ಚೂರುಗಳನ್ನು ಕಾಕು ಚಟ್ನಿ ಮಾಡಿದರೆಂದು ಆಮೇಲೆ ಗೊತ್ತಾಯಿತು.

ಎಲ್ಲ ಕಂಬಿಗಳನ್ನೂ ನಡುವೆ ಕತ್ತರಿಸಿ, ಒಬ್ಬೊಬ್ಬರಿಗೆ ಒಂದೊಂದು ಮಾಡಿದೆವು. ಶನಿವಾರ ತಪ್ಪಿತು, ಮುಂದಿನ ಬುಧವಾರ ಧಪ್ಪಾ ಚಾಲೂ ಆಯಿತು. ಅದಕ್ಕೂ ಮೊದಲು ಕಾಕಾ ನಮ್ಮ ಕಟ್ಟಡದ ಸಣ್ಣವರು ದೊಡ್ಡವರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಹೋಗಿ, ತೆಳ್ಳಗಿನವರ ಪಕ್ಕ ದಪ್ಪಗಿನವರನ್ನು ಆರಿಸಿ ಆರಿಸಿ ಕೂರಿಸಿದರು. ಒಬ್ಬೊಬ್ಬರ ತೊಡೆಗೂ ಕಂಬಿಗೂ ನಡುವೆ ಬೆರಳು ತೂರಿಸಿ ನೋಡಿದರು. ಬೆರಳು ಎಲ್ಲೂ ಹೋಗಲಿಲ್ಲ. ಕಾಕು ಚೀರಲೇ ಇಲ್ಲ, ಮೂರು ಸಲ ಹತ್ತಿದರು. ಹೊಸ ಕಾಯಿಯನ್ನು ಕಾಕಾ ನನ್ನ ಕೈಯಿಂದ ಒಡೆಸಿದರು.

ಕಾಕಾ ತೀರಿಹೋಗಿ ಈಗ ಎರಡು ವರ್ಷ. ನಾನು ಐರೋಲಿಯ ಒಂದು ಕಂಪನಿಯಲ್ಲಿ ಯಂತ್ರಗಳ ತಪಾಸಣೆ ಮಾಡುತ್ತೇನೆ. ಸರಿಯಿಲ್ಲದ್ದನ್ನು ಸರಿಯಿಲ್ಲ ಎಂದು ಹತ್ತು ಜನರ ಮುಂದೆ ಹೇಳುವುದೇ ನನ್ನ ಕೆಲಸ. ಈಗಲೂ ಪ್ರತಿ ಸಲ ಮೊದಲು ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತೇನೆ. ಜನರ ಮುಂದೆ ಹಾಗೆ ಮೊದಲ ಸಲ ಹೇಳಿದ್ದು ಕಲ್ಯಾಣದ ಆ ಸಂಜೆಯ ಮರುದಿನ.

ಅವತ್ತು ಬೆಳಿಗ್ಗೆ ಒಂಬತ್ತಕ್ಕೆ, ಕಾಕಾ ಫೋನ್ ಮಾಡುವ ಮೊದಲೇ, ನಾನು ಸ್ಟೇಷನ್ ಎದುರಿನ ಎಸ್‌ಟಿಡಿ ಬೂತಿಗೆ ಹೋದೆ. ನನ್ನ ಹಿಂದೆ ಆರು ಜನ ಸಾಲಿನಲ್ಲಿದ್ದರು. ಮ್ಯಾನೇಜರ್ ಸಿಕ್ಕರು. ಹಿಂದಿಯಲ್ಲಿ ಮೆಲ್ಲಗೆ ಹೇಳಿದೆ. ಲೈನು ಸರಿಯಿರಲಿಲ್ಲ, ಏನೂ ಕೇಳುತ್ತಿಲ್ಲ, ಜೋರಾಗಿ ಹೇಳಿ ಎಂದರು. ಬೂತಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ನಾನು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ನಿನ್ನೆ ಕಂಬಿ ನನಗೆ ತಾಗಿರಲಿಲ್ಲ, ಮೂರು ಇಂಚು ಜಾಗವಿತ್ತು, ನಾನು ಸುಳ್ಳು ಹೇಳಿದ್ದೆ ಎಂದು ಆರು ಜನರಿಗೂ ಕೇಳುವ ಹಾಗೆ ಹೇಳಿದೆ.