ಕುಂಡಗಳಿಗೆ ಬಿಟ್ಟ ಜಾಗ

ಶಹಾಬಾದಿನ ಕಲ್ಲುಗಣಿ ಗುತ್ತೇದಾರರೊಬ್ಬರ ಕಚೇರಿಯಲ್ಲಿ ಮಡಿವಾಳಯ್ಯ ಗುಮಾಸ್ತರಾಗಿದ್ದರು. ೧೯೫೩ರ ಬೇಸಿಗೆಯಲ್ಲಿ, ಬಂದವರ ಕಣ್ಣಿಗೆ ತಂಪಾಗಲೆಂದು ಮುಂದಿನ ಕೋಣೆಯ ತುಂಬ ಕ್ರೋಟನ್ ಗಿಡಗಳ ಕುಂಡ ಜೋಡಿಸಿದರು. ಜಾಗ ಸಾಲದೆ, ಕಾಯುವವರು ಕೂರುತ್ತಿದ್ದ ಬೆಂಚನ್ನು ಅಂಗಳಕ್ಕೆ ಹಾಕಿಸಿದರು. ಬಂದ ಅಧಿಕಾರಿಗಳೆಲ್ಲ ಹೊಗಳಿದಾಗ ಹಿಗ್ಗಿದರು.

ಒಂದು ಮಧ್ಯಾಹ್ನ ಹೊರಗೆ ಬಂದರೆ, ಗಣಿಯಲ್ಲಿ ಕಾಲು ಮುರಿದುಕೊಂಡಿದ್ದ ಆಳಿನ ಹೆಂಡತಿ ನೀಲಾಬಾಯಿ ತಲೆಗೆ ಸೆರಗು ಹೊದ್ದು ಬಿಸಿಲಲ್ಲಿ ಕೂತಿದ್ದಳು. ಗುತ್ತೇದಾರರನ್ನು ಕಾಣಲು ಮೂರು ದಿನದಿಂದ ಬರುತ್ತಿದ್ದಳಂತೆ.

"ಒಳಗ ಯಾಕ ಬರಲಿಲ್ಲವ್ವಾ?"

"ಒಳಗ ಗಿಡಾ ಇಟ್ಟೀರಲ್ರಿ, ನಾವೆಲ್ಲಿ ಕುಂದರೂದು?"

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಡಿವಾಳಯ್ಯನವರಿಗೆ ಮುಖ ಎತ್ತಲಾಗಲಿಲ್ಲ. ಅರ್ಧ ಕುಂಡಗಳನ್ನು ಹೊರಗಿಟ್ಟು, ಬೆಂಚು ಒಳಗೆ ತಂದು, "ಬರ್ರಿ, ನೆರಳಾಗ ಕುಂದ್ರಿ" ಎಂದರು. ಗುತ್ತೇದಾರರನ್ನು ತಾವೇ ಕರೆತಂದರು. ಆದರೂ ಆಮೇಲೆ ಯಾರಾದರೂ ಆ ಗಿಡಗಳನ್ನು ಹೊಗಳಿದರೆ ಅವರಿಗೆ ಎದೆ ಚುಚ್ಚಿದಂತಾಗುತ್ತಿತ್ತು.